ಎಡತುದಿಯ ದೀಪ

"ನಾ ಬರೇ ಧೂಳ ಒರಸೇನಿ, ಸ್ವಪ್ನಾಲಿ. ಅಷ್ಟಕ್ಕ ಕೆಡ್ತೇನ?" ಧನಪಾಲ ಕಾಕಾ ಕೈಯಲ್ಲಿನ ಟವೆಲ್ ಹಿಂಡುತ್ತ ಕೇಳಿದರು. ಕುಪವಾಡದ ಕೋಲ್ಡ್ ಸ್ಟೋರೇಜಿನಲ್ಲಿ ತಾಪಮಾನ ತೋರಿಸುವ ಹೊಸ ಮೀಟರು 255 ಡಿಗ್ರಿ ತೋರಿಸುತ್ತಿತ್ತು. ಹೊಸದನ್ನು ಕಂಡರಾಗದ ಈ ಮುದುಕನೇ ಬೇಕಂತ ಕೆಡಿಸಿದ್ದಾನೆ, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಮಾಲೀಕರು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು.

ಆ ಮೀಟರು ಮಾಡಿದ ಸ್ವಪ್ನಾಲಿ ಅದರ ಮುಚ್ಚಳ ತೆಗೆದಳು. ಒಳಗೆ ಅಳತೆಯ ಅಂಕಿ ಹೇಳುವ ಎಂಟೂ ಕೆಂಪು ದೀಪಗಳು ಉರಿಯುತ್ತಿದ್ದವು. ಎಡತುದಿಯ ದೀಪ ಹೊತ್ತಿದರೆ ಅಂಕಿ ಸೊನ್ನೆಗಿಂತ ಕೆಳಗಿದೆ ಎಂದರ್ಥ. ಎಂಟೂ ಹೊತ್ತಿದರೆ ಮೈನಸ್ ಒಂದು. ಹಾಗೆ ಓದಬೇಕೆಂದು ಮೀಟರಿಗೆ ಹೇಳಿಕೊಡಲು ಅವಳೇ ಮರೆತಿದ್ದಳು; ಅದಕ್ಕೇ ಅದು ಎಂಟೂ ದೀಪಗಳ ಬೆಲೆಯನ್ನು ಸುಮ್ಮನೆ ಕೂಡಿಸಿ 255 ಎಂದಿತ್ತು. ಕೋಣೆ ಸೊನ್ನೆಗಿಂತ ಕೆಳಗಿಳಿದದ್ದು ಇವತ್ತೇ ಮೊದಲು.

ಪ್ರೋಗ್ರಾಮಿನ ಒಂದು ಸಾಲು ತಿದ್ದಿ ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಮಾಲೀಕರತ್ತ ತಿರುಗಿದಳು. "ಕಾಕಾಂದೇನೂ ತಪ್ಪಿಲ್ರಿ. ಅದು ಮೈನಸ್ ಒಂದಂತನ ಹೇಳಾಕತ್ತೈತಿ. ಅದನ್ನ ಓದಾಕ ಕಲಿಸೋದು ನಾನ ಮರತೇನಿ."

ಮಾಲೀಕರು ಕೂಗಾಟ ಬಿಟ್ಟು ಒಳಗೆ ಬಂದರು. ಕಾಕಾ ಬಾಗಿ ಆ ಎಂಟು ದೀಪಗಳನ್ನು ಬಹಳ ಹೊತ್ತು ನೋಡಿದರು.

"ಹಂಗಾರ ಪಾಪ, ಇದೂ ಖರೇನ ಹೇಳತಿತ್ತು," ಎಂದು ಟವೆಲ್ಲಿನ ತುದಿಯಿಂದ ಮೀಟರಿನ ಗಾಜನ್ನು ಮೆಲ್ಲಗೆ ಒರೆಸಿದರು.