ಮೇಜಿನ ಮುಂದೆ ಮಾಸ್ತರರು

ನಮ್ಮೂರಿಗೂ ಪಕ್ಕದೂರಿಗೂ ನಡೆಯುವ ಯುದ್ಧದಾಟದಲ್ಲಿ ಸೋತ ಊರಿನ ಕೆರೆಯಂಗಳಕ್ಕೆ ಎರಡೂ ಊರಿನ ಕಸ ಬೀಳುತ್ತದೆ. ಹಾಗಾಗಿ ತಾಲ್ಲೂಕು ಕಚೇರಿಯ, ಕೈಸನ್ನೆ ಓದುವ ಗಾಜಿನ ಮೇಜಿನ ಮೇಲೆ ನೀಲವ್ವ ಮೂರು ತಾಸು ಕೈಯಾಡಿಸಿ ನಮ್ಮೂರ ಸೈನ್ಯ ನಡೆಸಿದ್ದಳು. ತೋಳು ನೋಯುತ್ತಿದ್ದವು, ಆದರೆ ಎದುರಾಳಿಯ ಕೋಟೆಗೆ ಒಂದೇ ಬಾಗಿಲು ಉಳಿದಿತ್ತು. ಅಷ್ಟರಲ್ಲಿ ಅವಳಿಗೆ ಅಕ್ಷರ ಕಲಿಸಿದ ಹಿರೇಮಠ ಮಾಸ್ತರರು ಒಳಗೆ ಬಂದರು. ನೀಲವ್ವ ಥಟ್ಟನೆ ಎದ್ದು ಕೈಮುಗಿದಳು.

“ನೀಲವ್ವ ಸೋಲೊಪ್ಪಿದ್ದಾರೆ,” ಎಂದಿತು ಮೇಜು.

“ಮಾಸ್ತರಿಗೆ ನಮಸ್ಕಾರ ಮಾಡಿದ್ರ ಸೋತಂಗೇನ್ರೀ? ಇದನ್ನ ಮಾಡಿದವರ ಮನಿಗೆ ಹಿರೇರು ಬರೂದಿಲ್ಲೇನು? ಸೋಲೊಪ್ಪಾಕ ಒಂದು ಬಟನ್ ಇಡಾಕ ಏನಾಗಿತ್ತು ನಿಮಗ?” ನೀಲವ್ವ ಮೇಜನ್ನು ಗುದ್ದಿದಳು.

ಗುಮಾಸ್ತ ತೀರ್ಪಿಗೆ ಮೊಹರು ಒತ್ತಿ ಎದ್ದುನಿಂತ. “ಕೈಮುಗೀತೀನಿ ತಾಯಿ, ಗದ್ದಲ ಮಾಡಬ್ಯಾಡ್ರಿ, ಹೋಗ್ರಿ,” ಎಂದ.

ಹಾಗೆನ್ನುವಾಗ ಆ ಕಳ್ಳ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.