ಸುಲಭದ ಕಣ್ಣು

ಹೊಸಬರಿಗೆ ಕಾರ್ಟೂನ್ ಮುಖ ಬರೆಯಲು ಕಲಿಸುವ ಮೇಷ್ಟ್ರಿಗೆ ತರಗತಿಯ ಆ ಒಬ್ಬ ಹೆಂಗಸು ಅರ್ಥವೇ ಆಗುತ್ತಿರಲಿಲ್ಲ. ಉಳಿದವರೆಲ್ಲ ಬರೆಯಲು ತಿಣುಕುವ ಕೂದಲನ್ನು ಅವಳು ಸಲೀಸಾಗಿ ಬರೆದುಬಿಡುತ್ತಿದ್ದಳು. ದಿನವೂ ಅದೇ ಕೂಸಿನ ಮುಖ, ಹಣೆಗೆ ಅಂಟಿಕೊಂಡ ಅದೇ ಒದ್ದೆ ಗುಂಗುರು ಕೂದಲು. ಕಣ್ಣಿಗೆ ಬಂದಾಗ ಮಾತ್ರ ಕಾಗದ ಹರಿಯುವವರೆಗೆ ಬರೆದು ಅಳಿಸುತ್ತಿದ್ದಳು.

ಇವತ್ತು ಮೇಷ್ಟ್ರ ತಾಳ್ಮೆ ಕೆಟ್ಟಿತು.

"ಎಷ್ಟು ಸಲ ಹೇಳೋದಮ್ಮ? ಮುಚ್ಚಿದ ಕಣ್ಣು ಬರೀರಿ, ಸುಲಭ. ಎರಡು ಬಾಗಿದ ಗೆರೆ ಎಳೆದ್ರೆ ಆಯ್ತು, ಮಗು ನಿದ್ದೆ ಮಾಡ್ತಿರೋ ಹಾಗೆ ಕಾಣುತ್ತೆ."

"ಬೇಡ ಸರ್. ಬಿಟ್ಟ ಕಣ್ಣೇ ಬೇಕು."

"ಅದೇನು ಹಟ ನಿಮ್ದು?"

ಅವಳು ಗುಂಗುರಿನ ಮೇಲೆ ಬಿದ್ದ ರಬ್ಬರಿನ ಪುಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಸರಿಸಿದಳು.

"ಮುಚ್ಚಿದ ಕಣ್ಣು ನೋಡಿದೀನಿ ಸರ್. ನನ್ನ ಮಗೂದು ಹುಟ್ಟಿದಾಗ್ಲೂ ಮುಚ್ಚಿತ್ತು, ಮಣ್ಣು ಮಾಡುವಾಗ್ಲೂ ಮುಚ್ಚಿತ್ತು."