ಮೊದಲ ಮಳೆಯ ಅಣಬೆ

ಅಣಬೆಗಳು ವರ್ಷವರ್ಷವೂ ಗುಣ ಬದಲಿಸತೊಡಗಿದ ಮೇಲೆ, ಮೊದಲ ಮಳೆಗೆ ಎದ್ದದ್ದನ್ನು ಕೇರಿಯಲ್ಲಿ ಒಬ್ಬರು ತಿಂದು ನೋಡಬೇಕಿತ್ತು. ಮಧ್ಯಾಹ್ನದವರೆಗೆ ಅವರಿಗೆ ಏನೂ ಆಗದಿದ್ದರೆ ಉಳಿದವರು ಒಲೆ ಹಚ್ಚುತ್ತಿದ್ದರು. ಮಳೆಗಾಲಕ್ಕೆ ಬೇರೆ ಆಹಾರವಿರಲಿಲ್ಲ.

ಈ ವರ್ಷದ ಸರದಿ ಬಸುರಿ ಸುನಂದೆಯದು. ಬೆಳಿಗ್ಗೆ ಎದ್ದು ನೋಡಿದರೆ ಅಣಬೆಯ ಪಾತ್ರೆ ಖಾಲಿ. ಅತ್ತೆ ಗುಲಾಬಿಯಮ್ಮ ಹಿತ್ತಿಲಲ್ಲಿ, ಹೂಬಿಟ್ಟ ದಾಸವಾಳದ ಎದುರು ಕೂತಿದ್ದರು.

"ನನ್ನ ಪಾಲಿನದು ನೀವ್ಯಾಕೆ ತಿಂದ್ರಿ ಅತ್ತೆ?"

"ನೀನೀಗ ಒಬ್ಬಳಲ್ಲ ಮಾರಾಯ್ತಿ. ಇಲ್ಲಿ ಕೂತ್ಕೋ. ಪಿಕಳಾರ ಮರಿಗೆ ಗುಟುಕು ಕೊಡ್ತಾ ಉಂಟು, ನೋಡು."

ಸುನಂದೆ ಅತ್ತೆಯ ಕೈ ಹಿಡಿದು ಕೂತಳು. ಹೊತ್ತೇರಿದಂತೆ ಆ ಕೈ ತಣ್ಣಗಾಗುತ್ತ ಬಂತು.

ಮಧ್ಯಾಹ್ನ ಬೇಲಿಯಾಚೆಯಿಂದ ನೆರೆಯಾಕೆ ಕೇಳಿದಳು, "ಒಲೆ ಹಚ್ಚಬಹುದಾ ಸುನಂದಾ?"

"ಬೇಡ ಅಕ್ಕಾ. ಎಲ್ಲರಿಗೂ ಹೇಳಿಬಿಡಿ," ಎಂದಳು ಸುನಂದೆ.